ಸಂದಿ ಮುಚ್ಚುವ ಮುನ್ನ

(ಕಲಬುರಗಿ ನಗರದ ಸೂಪರ್ ಮಾರ್ಕೆಟ್‌ನಲ್ಲಿ ವರ್ತಕರು, ಗೃಹಿಣಿಯರು ಹಾಗೂ ಕಮಲಾಪುರದ ಕಡೆಯಿಂದ ಬಂದಿದ್ದ ರೈತರು ಸೇರಿದ್ದ ಸಭೆಯಲ್ಲಿ ನಮ್ಮ ಬಳಗದ ಕಾರ್ಯಕರ್ತರೊಬ್ಬರು ನೀಡಿದ ಉಪನ್ಯಾಸದ ಬರಹರೂಪ. ಮಲೆನಾಡಿನ ಮನೆಗಳಿಗೂ ಅನ್ವಯಿಸುವ ಮಾತುಗಳು ಇದರಲ್ಲಿರುವುದರಿಂದ ಇಲ್ಲಿ ಪ್ರಕಟಿಸುತ್ತಿದ್ದೇವೆ. – ಸಂ.)



ಬೇರೆ ಊರುಗಳಲ್ಲಿ ಸೂಪರ್ ಮಾರ್ಕೆಟ್ ಎಂದರೆ ಒಂದು ಅಂಗಡಿ. ಕಲಬುರಗಿಯಲ್ಲಿ ಅದು ಒಂದು ಪೇಟೆಯ ಹೆಸರು. ಈ ಪೇಟೆಯಲ್ಲಿ ದಿನದ ಹತ್ತು ಹನ್ನೆರಡು ಗಂಟೆಗಳನ್ನು ಕಳೆಯುವ ನಿಮಗೆ ಒಂದು ಪ್ರಶ್ನೆ ಕೇಳಿ ನನ್ನ ಮಾತನ್ನು ಆರಂಭಿಸುತ್ತೇನೆ. ರಾತ್ರಿ ಅಂಗಡಿಯನ್ನು ಗುಡಿಸಿ, ಒರೆಸಿ, ಷಟರ್ ಎಳೆದು ಬೀಗ ಹಾಕಿ ಹೋಗುತ್ತೀರಿ. ಬೆಳಿಗ್ಗೆ ಬಂದು ತೆರೆದಾಗ ಗಲ್ಲಾಪೆಟ್ಟಿಗೆಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕುಳಿತಿರುತ್ತದೆ. ಒಳಗೆ ಯಾರೂ ಇರಲಿಲ್ಲ, ಬಾಗಿಲು ತೆರೆದಿರಲಿಲ್ಲ. ಹಾಗಾದರೆ ಆ ಧೂಳು ಬಂದದ್ದು ಹೇಗೆ?

ಉತ್ತರ ನಿಮ್ಮ ಷಟರಿನ ಕೆಳಗಿದೆ. ಹತ್ತಡಿ ಅಗಲದ ಷಟರ್ ನೆಲಕ್ಕೆ ತಾಗುವಲ್ಲಿ ಅರ್ಧ ಅಂಗುಲ ಸಂದಿ ಉಳಿದಿದೆ ಎಂದುಕೊಳ್ಳಿ. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗುಣಿಸಿ ನೋಡಿದರೆ ಅದು 60 ಚದರ ಅಂಗುಲ. ಎಂದರೆ ಗೋಡೆಯಲ್ಲಿ ಎಂಟಂಗುಲ ಉದ್ದ, ಏಳೂವರೆ ಅಂಗುಲ ಅಗಲದ ತೂತು ಕೊರೆದು ಬೀದಿಗೆ ತೆರೆದಿಟ್ಟಂತೆ. ಹಾಗೊಂದು ತೂತು ಕಣ್ಣಿಗೆ ಬಿದ್ದರೆ ಅಂದೇ ಗಾರೆಯವರನ್ನು ಕರೆಸುತ್ತೀರಿ. ನೆಲದುದ್ದಕ್ಕೂ ಹರಡಿಕೊಂಡ ಅದೇ ತೂತು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಗಾಳಿ ಒಳಗೆ ಬರಲು ಕಾರಣವೂ ಬೇಕಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುವುದು ನಿಮಗೆ ಹೊಸತಲ್ಲ. ಹಗಲಿಡೀ ಕಾದ ಕಲ್ಲು, ಕಾಂಕ್ರೀಟು ನಡುರಾತ್ರಿಯವರೆಗೂ ಒಳಗಿನ ಗಾಳಿಯನ್ನು ಬಿಸಿಯಾಗಿಯೇ ಇಡುತ್ತವೆ. ಬೀದಿ ಮಾತ್ರ ಬೇಗ ತಣಿಯುತ್ತದೆ. ಒಳಗಿನ ಹಗುರ ಗಾಳಿ ಮೇಲಿನ ವೆಂಟಿಲೇಟರಿನಿಂದ ಹೊರಬೀಳುತ್ತದೆ. ಅದು ತೆರವು ಮಾಡಿದ ಜಾಗಕ್ಕೆ ಬೀದಿಯ ಗಾಳಿ ಷಟರಿನಡಿಯಿಂದ ನುಗ್ಗುತ್ತದೆ. ರಸ್ತೆಯ ಧೂಳು, ಲಾರಿಯ ಹೊಗೆ, ಕಸ ಸುಟ್ಟ ಬೂದಿ ಎಲ್ಲವೂ ನೆಲಮಟ್ಟದಲ್ಲೇ ಇರುವುದರಿಂದ ಮೊದಲು ಒಳಬರುವುದು ಅವೇ. ಇಡೀ ಅಂಗಡಿ ರಾತ್ರಿಯೆಲ್ಲ ಒಂದು ಚಿಮಣಿಯಂತೆ ಬೀದಿಯನ್ನು ಒಳಗೆಳೆಯುತ್ತಿರುತ್ತದೆ. ಹಗಲು ಏಸಿ ಹಾಕಿದಾಗ ಇದೇ ಆಟ ತಿರುವುಮುರುವು: ತಂಪುಗಾಳಿ ಕೆಳಗಿನಿಂದ ಸೋರುತ್ತದೆ, ಬಿಸಿಗಾಳಿ ಮೇಲಿನಿಂದ ಇಳಿಯುತ್ತದೆ, ಬಿಲ್ಲು ಏರುತ್ತದೆ.

ಕಲಬುರಗಿಯ ಧೂಳು ಸರಕಾರದ ದಾಖಲೆಯನ್ನೂ ಸೇರಿದೆ. ಕೇಂದ್ರ ಸರಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ, ಗಾಳಿಯ ಗುಣಮಟ್ಟ ಕಾಯ್ದುಕೊಳ್ಳದ ನಗರಗಳೆಂದು ಕರ್ನಾಟಕದಿಂದ ನಾಲ್ಕನ್ನು ಹೆಸರಿಸಿತು: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ ಮತ್ತು ಕಲಬುರಗಿ. 10 ಮೈಕ್ರಾನಿಗಿಂತ ಚಿಕ್ಕ ಧೂಳಿಗೆ ನಮ್ಮ ದೇಶ 2009ರಲ್ಲಿ ನಿಗದಿಪಡಿಸಿದ ವಾರ್ಷಿಕ ಮಿತಿ ಘನಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಶಹಾಬಾದ್ ಕಲ್ಲಿನ ಸೀಳು, ಸಿಮೆಂಟು, ತೊಗರಿ ಮಿಲ್ಲುಗಳ ಹೊಟ್ಟು, ಎರೆಮಣ್ಣು, ಅಗೆದು ಬಿಟ್ಟ ರಸ್ತೆಗಳು ಇವೆಲ್ಲ ಇರುವ ಊರಿನಲ್ಲಿ ಬೀದಿಯ ಗಾಳಿಯನ್ನು ಸರಿಪಡಿಸುವ ಹೊಣೆ ನಗರಾಡಳಿತದ್ದು. ಆ ಹೊಣೆಯನ್ನು ನಾವು ನೆನಪಿಸುತ್ತಲೇ ಇರಬೇಕು. ಆದರೆ ಅದು ಆಗುವವರೆಗೆ ಬೀದಿಗೂ ನಮ್ಮ ಶ್ವಾಸಕೋಶಕ್ಕೂ ನಡುವೆ ಇರುವುದು ಒಂದು ಗೋಡೆ ಮಾತ್ರ. ಆ ಗೋಡೆ ಸೋರುತ್ತಿದೆ.

ಇಷ್ಟು ಕೇಳಿದ ಮೇಲೆ ‘ಹಾಗಾದರೆ ಎಲ್ಲ ಸಂದಿಗಳನ್ನೂ ಮುಚ್ಚಿಬಿಡೋಣ’ ಎನ್ನಿಸುವುದು ಸಹಜ. ನಾನು ಇಲ್ಲಿಗೆ ಬಂದದ್ದು ಆ ಅವಸರಕ್ಕೆ ತಡೆ ಹಾಕಲು.

ಸೀಮೆಯ ಹಿರಿಯರಿಗೆ ಹಗೇವು ಗೊತ್ತು. ಎರೆನೆಲದಲ್ಲಿ ಗಡಿಗೆಯಾಕಾರದಲ್ಲಿ ಆಳವಾಗಿ ತೋಡಿ, ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ಗಾಳಿಯಾಡದಂತೆ ಮಾಡುವ ವ್ಯವಸ್ಥೆ ಅದು. ಒಳಗಿನ ಕಾಳೂ ಹುಳವೂ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳ ಸಾಯುತ್ತದೆ, ಜೋಳ ಉಳಿಯುತ್ತದೆ. ಸಂದಿ ಮುಚ್ಚುವ ವಿದ್ಯೆಯಲ್ಲಿ ಉತ್ತರ ಕರ್ನಾಟಕದ ರೈತನಿಗೆ ಯಾವ ಪರದೇಶದ ಇಂಜಿನಿಯರೂ ಪಾಠ ಹೇಳಬೇಕಾಗಿಲ್ಲ. ಆದರೆ ಅದೇ ರೈತ ಹಗೇವು ತೆಗೆದ ಕೂಡಲೇ ಒಳಗಿಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಈ ನಿಯಮವನ್ನು ಮರೆತವರು ಹಗೇವಿನೊಳಗೆ ಕುಸಿದು, ಎತ್ತಲು ಇಳಿದವರೂ ಜತೆಗೇ ಸತ್ತ ಸುದ್ದಿಗಳನ್ನು ನೀವೇ ಕೇಳಿದ್ದೀರಿ.

ಕಮಲಾಪುರದಿಂದ ಬಂದಿರುವವರಿಗೆ ಬಾಳೆಯ ಉದಾಹರಣೆ ಹತ್ತಿರವಾದೀತು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಿಮ್ಮ ಕೆಂಪು ಬಾಳೆಯ ಬಗ್ಗೆ ಮಲೆನಾಡಿನವರಾದ ನಮಗೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ, ಇರಲಿ. ಬಾಳೆಯನ್ನು ಹಣ್ಣು ಮಾಡಲು ಹಿಂದಿನವರು ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುತ್ತಿದ್ದರು. ಹೊಗೆಯಲ್ಲಿರುವ ಎಥಿಲೀನ್ ಕೆಲಸ ಮಾಡುತ್ತಿತ್ತು. ಕಾರ್ಬೈಡ್ ಬಳಕೆ ಕಾನೂನಿನಲ್ಲಿ ನಿಷಿದ್ಧ. ಇಂದಿನ ಮಾಗುಕೋಣೆಗಳಲ್ಲಿ ಅಳತೆಯ ಎಥಿಲೀನ್ ಬಿಡುತ್ತಾರೆ, ಅದು ಸೋರದಂತೆ ಕೋಣೆಯನ್ನು ಬಿಗಿಯಾಗಿ ಕಟ್ಟುತ್ತಾರೆ. ಆದರೆ ಆಗಾಗ ಬಾಗಿಲು ತೆರೆದು ಹಳೆಯ ಗಾಳಿಯನ್ನು ಹೊರಹಾಕದಿದ್ದರೆ, ಹಣ್ಣು ಬಿಡುವ ಇಂಗಾಲದ ಡೈಆಕ್ಸೈಡ್ ಶೇಕಡಾ ಒಂದನ್ನು ದಾಟಿ ಮಾಗುವ ಕ್ರಿಯೆಯೇ ಹಿಂದೆ ಬೀಳುತ್ತದೆ. ಬಾಳೆಹಣ್ಣಿಗೇ ಹೊಸ ಗಾಳಿ ಬೇಕಾದರೆ ಮನುಷ್ಯನಿಗೆ ಬೇಡವೇ?

ಒಂದು ಸಣ್ಣ ಲೆಕ್ಕ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಅಂಗಡಿಯಲ್ಲಿ ಐವರು ಕುಳಿತಿದ್ದಾರೆ. ಸುಮ್ಮನೆ ಕುಳಿತ ಮನುಷ್ಯ ಗಂಟೆಗೆ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಒಂದು ಸಂದಿಯೂ ಇಲ್ಲದಂತೆ ಮುಚ್ಚಿದರೆ ಒಂದೇ ಗಂಟೆಯಲ್ಲಿ ಅದರ ಪ್ರಮಾಣ ಹೊರಗಿನ ಹತ್ತು ಲಕ್ಷಕ್ಕೆ 420 ಭಾಗದಿಂದ ಸುಮಾರು 4,000ಕ್ಕೆ ಏರುತ್ತದೆ. ಅದರಿಂದ ಯಾರೂ ಸಾಯುವುದಿಲ್ಲ. ತಲೆ ಭಾರವಾಗುತ್ತದೆ, ಆಕಳಿಕೆ ಬರುತ್ತದೆ, ಲೆಕ್ಕ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಷ್ಟು ಏರಿದೆಯೆಂದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಒಳಗೆಳೆದುಕೊಳ್ಳುತ್ತಿದ್ದಾರೆಂದೇ ಅರ್ಥ. ಕ್ಷಯ, ಫ್ಲೂ, ಕೋವಿಡ್ ಹರಡುವುದು ಇಂಥ ಕೋಣೆಗಳಲ್ಲಿ. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದ ಊರು ಇದು, ಹೆಚ್ಚು ವಿವರಿಸಬೇಕಾಗಿಲ್ಲ. ಗೋಡೆಗೆ ತೂಗಿದ ಏಸಿ ಹೊಸ ಗಾಳಿ ತರುತ್ತದೆಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಸ್ಪ್ಲಿಟ್ ಏಸಿ ಒಳಗಿನ ಗಾಳಿಯನ್ನೇ ಸುತ್ತಿ ಸುತ್ತಿ ತಣಿಸುತ್ತದೆ, ಅಷ್ಟೆ.

ಪಶ್ಚಿಮದವರು ಈ ತಪ್ಪನ್ನು ಒಮ್ಮೆ ದೊಡ್ಡ ಪ್ರಮಾಣದಲ್ಲೇ ಮಾಡಿ ನೋಡಿದ್ದಾರೆ. 1973ರಲ್ಲಿ ತೈಲದ ಬೆಲೆ ಗಗನಕ್ಕೇರಿದಾಗ ಇಂಧನ ಉಳಿಸಲೆಂದು ಕಟ್ಟಡಗಳ ಸಂದಿಗೊಂದಿಗಳನ್ನು ಬಿಗಿದರು. ಅದು ಸರಿಯಾದ ಕೆಲಸವೇ. ಜತೆಗೆ ಹೊರಗಾಳಿಯ ಪ್ರಮಾಣವನ್ನೂ ಕಡಿತಗೊಳಿಸಿದರು: ಅಮೆರಿಕದ ಮಾನದಂಡ 1981ರಲ್ಲಿ ಕಚೇರಿಗಳಿಗೆ ತಲಾ ನಿಮಿಷಕ್ಕೆ 5 ಘನ ಅಡಿಗೆ ಇಳಿಯಿತು. ಪ್ಲೈವುಡ್, ಅಂಟು, ಜಮಖಾನೆಗಳಿಂದ ಹೊರಡುವ ಫಾರ್ಮಾಲ್ಡಿಹೈಡ್‌ನಂಥ ಅನಿಲಗಳು ಒಳಗೇ ಉಳಿದವು. ಕಣ್ಣುರಿ, ತಲೆನೋವುಗಳ ದೂರು ಹೆಚ್ಚಿ ‘ರೋಗಗ್ರಸ್ತ ಕಟ್ಟಡ’ ಎಂಬ ಹೊಸ ಮಾತೇ ಹುಟ್ಟಿತು. 1989ರಲ್ಲಿ ಕನಿಷ್ಠ ಪ್ರಮಾಣವನ್ನು 15 ಘನ ಅಡಿಗೆ ಏರಿಸಬೇಕಾಯಿತು. ಅವರ ಅಂಕಿಗಳನ್ನು ನಾವು ಹಾಗೆಯೇ ನಕಲು ಮಾಡುವುದು ಬೇಡ. ಬಿಗಿಯುವವನು ಗಾಳಿಗೆ ದಾರಿಯನ್ನೂ ಬಿಡಬೇಕು ಎಂಬಷ್ಟನ್ನು ತೆಗೆದುಕೊಂಡರೆ ಸಾಕು.

ಈಗ ಪೇಟೆಯಿಂದ ಮನೆಗೆ ಬರೋಣ. ತಾಯಂದಿರು ಸ್ವಲ್ಪ ಗಮನವಿಟ್ಟು ಕೇಳಬೇಕು.

ನಮ್ಮ ಮನೆಗಳಲ್ಲಿ ಅತ್ಯಂತ ಬಿಗಿಯಾಗಿ ಸಂದಿ ಮುಚ್ಚುವ ಕೋಣೆ ಬಾಣಂತಿಯದು. ‘ಗಾಳಿ ಸೋಕಬಾರದು’ ಎಂದು ಕಿಟಕಿ ಮುಚ್ಚಿ, ಬಾಗಿಲಿನಡಿ ಕೌದಿ ತುರುಕಿ, ವೆಂಟಿಲೇಟರಿಗೆ ಬಟ್ಟೆ ಕಟ್ಟುತ್ತೇವೆ. ಅನಂತರ ಹೊರಸಿನ ಕೆಳಗೆ ಕೆಂಡ ತುಂಬಿದ ಶೇಗಡಿ ಇಡುತ್ತೇವೆ. ಕೂಸಿಗೆ ಎರೆದ ಮೇಲೆ ಲೋಬಾನದ ಹೊಗೆ, ಅಜವಾನ ಮತ್ತು ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಿಡಿಯುತ್ತೇವೆ. ಇದರ ಹಿಂದಿನ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಹೆರಿಗೆಯಾದವಳಿಗೂ ಹುಟ್ಟಿದ ಕೂಸಿಗೂ ಬೆಚ್ಚಗಿರುವುದು ಬೇಕೇ ಬೇಕು; ಅಜ್ಜಿಯರು ಹೇಳಿದ್ದು ಆ ಮಟ್ಟಿಗೆ ವೈದ್ಯರು ಹೇಳುವುದೂ ಹೌದು. ಆದರೆ ಕೆಂಡ ಎರಡು ವಸ್ತುಗಳನ್ನು ಕೊಡುತ್ತದೆ, ಕಾವು ಒಂದು, ಕಾರ್ಬನ್ ಮಾನಾಕ್ಸೈಡ್ ಇನ್ನೊಂದು. ಎರಡನೆಯದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹೊಗೆಯಿಲ್ಲದ ನಿಗಿನಿಗಿ ಕೆಂಡ ಸುರಕ್ಷಿತ ಎಂಬುದು ತಪ್ಪು ನಂಬಿಕೆ.

ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಹಸುಗೂಸು 30ರಿಂದ 60 ಸಲ ಉಸಿರಾಡುತ್ತದೆ. ತೂಕದ ಲೆಕ್ಕದಲ್ಲಿ ನೋಡಿದರೆ ಕೋಣೆಯ ಕೊಳಕಿನ ಹೆಚ್ಚಿನ ಪಾಲು ಸಿಗುವುದು ಎಲ್ಲರಿಗಿಂತ ಚಿಕ್ಕವರಿಗೆ. ಅಡುಗೆ ಮುಂತಾದ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅವರಲ್ಲಿ 2 ಲಕ್ಷ 37 ಸಾವಿರಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಆದ್ದರಿಂದ ಬಾಣಂತಿಯ ಕೋಣೆಯಲ್ಲಿ ಬೀದಿಗೆದುರಾದ ಸಂದಿಗಳನ್ನು ಮುಚ್ಚಿ, ಬೀಸುಗಾಳಿ ನೇರ ಮೈಮೇಲೆ ಬರದಂತೆ ಹೊರಸನ್ನು ಸರಿಸಿ. ಮೇಲಿನ ವೆಂಟಿಲೇಟರನ್ನು ಮಾತ್ರ ತೆರೆದಿಡಿ. ಶೇಗಡಿ, ಲೋಬಾನ ಎರಡೂ ಆ ಕೋಣೆಗೆ ಬರುವುದು ಬೇಡ. ಕಾವು ಬೇಕಾದರೆ ಉಣ್ಣೆಯ ಬಟ್ಟೆಯಿದೆ, ತಾಯಿಯ ಎದೆಯಿದೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದ ಆಸ್ಪತ್ರೆಯಲ್ಲಿ ಯಂತ್ರಗಳು ಸಾಲದಾದಾಗ ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಿಯ ಬರಿಯ ಎದೆಗೆ ತಾಗಿಸಿ ಕಟ್ಟಿದರು. ಕೂಸುಗಳು ಬದುಕಿದವು. ಇಂದು ಇಡೀ ಜಗತ್ತು ಅದನ್ನು ಅನುಸರಿಸುತ್ತಿದೆ. ಮನೆಯ ಹಿರಿಯರು ಒಪ್ಪಲಿಲ್ಲವೆಂದರೆ ಜಗಳ ಬೇಡ; ಆಶಾ ಕಾರ್ಯಕರ್ತೆಯರನ್ನು ಕರೆಸಿ ಅವರ ಬಾಯಿಂದ ಹೇಳಿಸಿ. ಸೊಸೆ ಹೇಳಿದ್ದಕ್ಕಿಂತ ಅವರು ಹೇಳಿದ್ದು ಬೇಗ ಇಳಿಯುತ್ತದೆ.

ಇದೇ ಮಾತು ಬಚ್ಚಲಿನ ಗ್ಯಾಸ್ ಗೀಸರಿಗೂ ಸಲ್ಲುತ್ತದೆ. ಗೀಸರು ಒಳಗಿದ್ದು ಕಿಟಕಿ ಮುಚ್ಚಿದ್ದರೆ ಆ ಬಚ್ಚಲು ತೆರೆಯದ ಹಗೇವಿನಂತೆಯೇ. ಅಲ್ಲಿ ಸಂದಿ ಮುಚ್ಚುವ ಮಾತೇ ಬೇಡ; ಗೀಸರನ್ನೇ ಹೊರಗೆ ಹಾಕಿಸಬೇಕು.

ಸೊಳ್ಳೆಸುರುಳಿಯ ಸಂಗತಿ ಇನ್ನೂ ಸೋಜಿಗದ್ದು. ಸಂಜೆಯಾದೊಡನೆ ಸೊಳ್ಳೆ ಬರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಮುಚ್ಚಿದ ಕೋಣೆಯೊಳಗೆ ಸುರುಳಿ ಹಚ್ಚುತ್ತೇವೆ. ಚೀನಾ ಮತ್ತು ಮಲೇಷ್ಯಾದ ಸುರುಳಿಗಳನ್ನು ಪರೀಕ್ಷಿಸಿದ 2003ರ ಅಧ್ಯಯನವೊಂದರ ಪ್ರಕಾರ, ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸೂಕ್ಷ್ಮಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ. ಕಿಟಕಿಗೆ ಜಾಲರಿ ಹೊಡೆಸಿ, ಚೌಕಟ್ಟಿಗೂ ಜಾಲರಿಗೂ ನಡುವಿನ ಸಂದಿಯನ್ನು ಪಟ್ಟಿಯಿಂದ ಮುಚ್ಚಿದರೆ ಸೊಳ್ಳೆಯೂ ಹೊರಗೆ, ಸುರುಳಿಯೂ ಹೊರಗೆ, ಗಾಳಿ ಮಾತ್ರ ಒಳಗೆ.

ಗಾಳಿಯನ್ನು ಹೀಗೆ ಹೇಳಿದ ದಾರಿಯಲ್ಲಿ ನಡೆಸುವ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದರು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಯನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಮೂರು ಪಾತ್ರೆಗಳ ಮಣ್ಣಿನ ಒಲೆ, ಹಿಂದೆ ಹೊಗೆಕೊಳವೆ. ಅದರ ಗುಟ್ಟಿರುವುದು ಬಿಗಿತದಲ್ಲಿ. ಪಾತ್ರೆ ಒಲೆಯ ಬಾಯಿಗೆ ಸಂದಿಯಿಲ್ಲದಂತೆ ಕೂಡಬೇಕು. ಸೌದೆ ಹಾಕುವ ಬಾಯಿ ಮುಚ್ಚಿರಬೇಕು. ಗಾಳಿ ಅಳತೆಯ ರಂಧ್ರದಿಂದಷ್ಟೇ ಒಳಹೋಗಬೇಕು. ಹೊಗೆ ಕೊಳವೆಯಿಂದಷ್ಟೇ ಹೊರಹೋಗಬೇಕು. ಮಣ್ಣು ಬಿರುಕುಬಿಟ್ಟು ಮೆತ್ತದೆ ಹಾಗೇ ಬಿಟ್ಟರೆ, ಪಾತ್ರೆಯ ಅಳತೆ ಬದಲಾದರೆ, ಅದೇ ಒಲೆ ಅಡುಗೆಮನೆ ತುಂಬ ಹೊಗೆಯುಗುಳುತ್ತದೆ. ನಿಮ್ಮ ಹಳೆಯ ಮನೆಗಳ ಬೆಳಕಿಂಡಿಯೂ ಹೀಗೆಯೇ ಯೋಚಿಸಿ ಮಾಡಿದ್ದು. ದಪ್ಪ ಕಲ್ಲುಗೋಡೆ, ಬೀದಿಗೆ ಕಿಟಕಿ ಕಡಿಮೆ, ಮಣ್ಣಿನ ಮಾಳಿಗೆ. ಧೂಳಿಗೂ ಬಿಸಿಲಿಗೂ ಒಳಬರುವ ದಾರಿ ಕಿರಿದು. ಹೊಗೆಗೆ ಮಾತ್ರ ನೆತ್ತಿಯಲ್ಲಿ ರಾಜಮಾರ್ಗ. ಮಾಳಿಗೆ ಹೋಗಿ ಸ್ಲ್ಯಾಬು ಬಂದಾಗ ಬೆಳಕಿಂಡಿ ಹೋಯಿತು. ಅದರ ಬದಲಿಗೆ ಏನೂ ಬರಲಿಲ್ಲ.

ಇನ್ನು ನಾಳೆಯೇ ಮಾಡಬಹುದಾದ ಕೆಲಸಗಳು. ಷಟರಿನ ಕೆಳಗಂಚಿಗೆ ರಬ್ಬರ್ ಪಟ್ಟಿ, ಪಕ್ಕದ ಕಾಲುವೆಗಳಿಗೆ ಬ್ರಷ್ ಪಟ್ಟಿ ಕೂಡಿಸಿ. ಕಿಟಕಿಯ ಚೌಕಟ್ಟು ಗೋಡೆಗೆ ಸೇರುವಲ್ಲಿ ಗಾರೆ ಉದುರಿದ್ದರೆ ಸುಣ್ಣ–ಸಿಮೆಂಟು ತುಂಬಿ, ಕೂದಲೆಳೆಯ ಬಿರುಕಿಗೆ ಸಿಲಿಕೋನ್ ಹಾಕಿ. ಏಸಿಯ ಕೊಳವೆ, ಕೇಬಲ್ಲಿನ ತಂತಿ ಗೋಡೆ ದಾಟುವ ತೂತಿಗೆ ಹಳೆಯ ಬಟ್ಟೆ ತುರುಕುವುದು ನಮ್ಮ ರೂಢಿ. ಬಟ್ಟೆ ಗಾಳಿಯನ್ನು ತಡೆಯುವುದಿಲ್ಲ, ಜಿರಳೆಗೆ ಮನೆಯಾಗುತ್ತದೆ. ಅಲ್ಲಿಗೂ ಪುಟ್ಟಿಯೇ ಬೇಕು. ಬೇಸಿಗೆಯಲ್ಲಿ ಎಷ್ಟೋ ದಿನ ಬಳಸದ ಬಚ್ಚಲಿನ ನಹಾನಿ ಟ್ರ್ಯಾಪಿನಲ್ಲಿ ನೀರು ಆರಿಹೋಗಿ ಗಟಾರದ ಗಾಳಿ ನೇರ ಒಳಬರುತ್ತಿರುತ್ತದೆ. ಇಂಥ ಒಣಬಿಸಿಲಿನ ಊರಿನಲ್ಲಿ ವಾರಕ್ಕೊಂದು ತಂಬಿಗೆ ನೀರು ಸುರಿಯುವುದು ಎಲ್ಲಕ್ಕಿಂತ ಅಗ್ಗದ ದುರಸ್ತಿ.

ಇಷ್ಟು ಮುಚ್ಚಿದ ಮೇಲೆ ತೆರೆಯುವ ಕೆಲಸ. ಅಂಗಡಿಯ ಐವರಿಗೆ ತಲಾ 15ರಂತೆ ನಿಮಿಷಕ್ಕೆ 75 ಘನ ಅಡಿ ಹೊರಗಾಳಿ ಬೇಕು. ಆರಂಗುಲದ ಚಿಕ್ಕ ಫ್ಯಾನು ಇದಕ್ಕೆ ಸಾಕು. ಆದರೆ ಅದನ್ನು ಎತ್ತ ತಿರುಗಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಗಾಳಿಯನ್ನು ಹೊರಗೆ ದೂಡುವ ಎಕ್ಸಾಸ್ಟ್ ಫ್ಯಾನು ಉಳಿದ ಸಂದಿಗಳಿಂದ ಬೀದಿಯ ಧೂಳನ್ನು ಒಳಗೆಳೆಯುತ್ತದೆ. ಅಡುಗೆಮನೆಗೆ ಅದೇ ಸರಿ, ಏಕೆಂದರೆ ಅಲ್ಲಿ ಕೊಳಕು ಇರುವುದು ಒಳಗೆ. ರಸ್ತೆಬದಿಯ ಅಂಗಡಿಗೆ ಫ್ಯಾನನ್ನು ತಿರುಗಿಸಿ, ಹಿಂಬದಿಯಿಂದ ಅಥವಾ ಮಾಳಿಗೆಯ ಮೇಲಿನಿಂದ ಫಿಲ್ಟರಿನ ಮೂಲಕ ಗಾಳಿಯನ್ನು ಒಳಕ್ಕೆ ನೂಕಬೇಕು. ಆಗ ಉಳಿದ ಸಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆ, ಧೂಳಿಗೆ ಎದುರೀಜು ಆಗುತ್ತದೆ. ಫಿಲ್ಟರಿನ ಬದಲು ಬರಿಯ ಬಟ್ಟೆ ಕಟ್ಟಿದರೆ ದೊಡ್ಡ ಧೂಳಷ್ಟೇ ನಿಲ್ಲುತ್ತದೆ. ಎರಡೂವರೆ ಮೈಕ್ರಾನಿಗಿಂತ ಚಿಕ್ಕದು ನುಸುಳುತ್ತದೆ.

ನಮ್ಮ ಮಲೆನಾಡಿನವರು ಇದನ್ನು ಓದಿ ಹಾಗೆಯೇ ಅನುಸರಿಸದಿರಲಿ. ಅಲ್ಲಿನ ಮಳೆಗಾಲದ ಶತ್ರು ತೇವ. ಹೆಂಚಿನ ಸಂದಿಯಿಂದ ಹೊಗೆಯೂ ಹಬೆಯೂ ಹೋಗುತ್ತಿದ್ದ ಮನೆಗೆ ಅಡಿಯಿಂದ ಪಿವಿಸಿ ಛಾವಣಿ ಹೊಡೆಸಿ ಬಿಗಿದರೆ, ಆಷಾಢದಲ್ಲಿ ಗೋಡೆಯ ತುಂಬ ಬೂಷ್ಟು ಹಿಡಿಯುತ್ತದೆ. ಉಬ್ಬಸದವರಿಗೆ ಅದು ಧೂಳಿಗಿಂತ ಕಡೆ. ಅಲ್ಲಿ ಮೊದಲು ನೀರು ಸೋರುವ ಬಿರುಕು ಮುಚ್ಚಬೇಕು, ಅನಂತರ ಹಬೆ ಹೋಗುವ ದಾರಿ ಮಾಡಬೇಕು, ಗಾಳಿಯ ಸಂದಿಯ ಮಾತು ಕೊನೆಗೆ.

ಸಂದಿ ಎಲ್ಲೆಲ್ಲಿದೆ ಎಂದು ತಿಳಿಯಲು ಪರದೇಶದಲ್ಲಿ ಬಾಗಿಲಿಗೆ ದೊಡ್ಡ ಫ್ಯಾನು ಕೂಡಿಸಿ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಉಂಟುಮಾಡಿ ಅಳೆಯುತ್ತಾರೆ. ನಮಗೆ ಒಂದು ಎಕ್ಸಾಸ್ಟ್ ಫ್ಯಾನು, ಒಂದು ಊದಿನಕಡ್ಡಿ ಸಾಕು. ಒಲೆ, ಗೀಸರು ಎಲ್ಲ ಆರಿಸಿ, ಬಾಗಿಲು ಕಿಟಕಿ ಮುಚ್ಚಿ, ಫ್ಯಾನು ಹಾಕಿ, ಊದಿನಕಡ್ಡಿಯನ್ನು ಗೋಡೆಯಂಚಿಗೆ ನಿಧಾನ ನಡೆಸಿಕೊಂಡು ಹೋದರೆ, ಹೊಗೆ ಒಳಕ್ಕೆ ಚಿಮ್ಮಿದ ಕಡೆಯೆಲ್ಲ ಸುಣ್ಣದ ಕಡ್ಡಿಯಿಂದ ಗುರುತು ಹಾಕುವುದು. ಈ ಅಂಗಡಿಯ ಯಜಮಾನರು ಒಪ್ಪಿದ್ದಾರೆ. ಈಗ ಷಟರ್ ಎಳೆದು ಇಲ್ಲಿಯೇ ಮಾಡಿ ನೋಡೋಣ. ಒಳಗೆ ಐವರು ಸಾಕು, ಲೆಕ್ಕ ನೆನಪಿದೆಯಲ್ಲ. ಉಳಿದವರು ಹೊರಗೆ ನಿಂತು ಬೆಳಕು ಕಾಣುವ ಸಂದಿಗಳನ್ನು ಎಣಿಸಿರಿ.